ಒಂದು ಸುತ್ತು ಜಾಸ್ತಿ

ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ಅನ್ನ ಸರಿಯಾಗಿ ಆಗುತ್ತಿಲ್ಲ. ಅಕ್ಕಿಯ ತಪ್ಪಲ್ಲ, ಕುಕ್ಕರಿನ ತಪ್ಪೂ ಅಲ್ಲ. ನನ್ನ ಹೆಂಡತಿ ಜಯಂತಿ ಹಿತ್ತಲಿಗೆ ಬಟ್ಟೆ ಒಣಹಾಕಲು ಹೋಗುವಾಗ "ಮೂರು ವಿಷಲ್ ಆದ್ಮೇಲೆ ಆರಿಸ್ರೀ" ಎಂದು ಒಲೆಯನ್ನು ನನಗೆ ಒಪ್ಪಿಸಿ ಹೋಗುತ್ತಾಳೆ. ನಾನು ಮುಂದೆ ನಿಂತು ಶ್ರದ್ಧೆಯಿಂದ ಎಣಿಸುತ್ತೇನೆ. ಸೊನ್ನೆ, ಒಂದು, ಎರಡು, ಮೂರು. ಮೂರಕ್ಕೆ ಸರಿಯಾಗಿ ಆರಿಸುತ್ತೇನೆ.

"ನಾಲ್ಕು ಕೂಗ್ತು. ಹಿತ್ಲಲ್ಲಿದ್ದೋಳಿಗೆ ಕೇಳಿಸ್ತು, ಪಕ್ಕದಲ್ಲಿ ನಿಂತಿರೋರಿಗೆ ಕೇಳಿಸಲ್ವಾ?" ಎಂದು ಅವಳು ಒಳಗೆ ಬರುತ್ತಾಳೆ.

"ಮೂರೇ ಕಣೇ. ಮೊದಲನೇದು ಸೊನ್ನೆ."

"ಸೊನ್ನೆ ವಿಷಲ್ ಅಂತ ಯಾವ ಕುಕ್ಕರ್ ಕೂಗುತ್ತೆ? ಆ ಕಂಪ್ಯೂಟರ್ ಮುಟ್ಟಿದಾಗಿಂದ ನಿಮಗೆ ಎಣಿಸೋದೂ ಮರ್ತೋಯ್ತು, ನಮಗೆ ನೆಟ್ಟಗೆ ಅನ್ನ ತಿನ್ನೋದೂ ಮರ್ತೋಯ್ತು."

ಮರೆತಿಲ್ಲ, ಈಗ ಕಲಿಯುತ್ತಿದ್ದೇನೆ. ಸೊನ್ನೆಯಿಂದ ಎಣಿಸುವುದನ್ನು ಹದಿನೈದು ವರ್ಷ ಮೊದಲೇ ಕಲಿತಿದ್ದರೆ ನನ್ನ ತಂಗಿಗೆ ಒಂದು ಅನ್ಯಾಯ ಆಗುತ್ತಿರಲಿಲ್ಲ. ಆ ಅನ್ಯಾಯ ಮಾಡಿದವನು ನಾನು. ಹೋದ ವಾರ ಗುಬ್ಬಿಗೆ ಹೋಗಿ ಅವಳ ಮುಂದೆ ಅದನ್ನು ಹೇಳಿ ಬಂದೆ. ಹೇಳಿದ ಮೇಲೆ ಮೈ ಎಷ್ಟು ಹಗುರಾಗಿದೆ ಎಂದರೆ, ಸಿಕ್ಕವರಿಗೆಲ್ಲ ಹೇಳುವ ಹಾಗಾಗಿದೆ. ಈಗ ನೀವು ಸಿಕ್ಕಿದ್ದೀರಿ.

ಕುಣಿಗಲ್ಲಿನಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪಿನ ಮೋಟಾರು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೂರಿಸುವುದು ಕೆಲಸ. ಮಾರ್ಕೋನಹಳ್ಳಿ ಕಡೆಯಿಂದ, ಅಮೃತೂರಿನ ತೆಂಗಿನ ತೋಟಗಳಿಂದ ಮೋಟಾರುಗಳು ಆಟೋದಲ್ಲಿ ಮಲಗಿಕೊಂಡು ಬರುತ್ತವೆ, ಎದ್ದು ಹೋಗುತ್ತವೆ. ಓದಿದ್ದು ಒಂಬತ್ತನೇ ಕ್ಲಾಸಿನ ಅರ್ಧ. ಅಪ್ಪ ತೀರಿಹೋದ ವರ್ಷ ಉಳಿದರ್ಧವನ್ನು ಅಲ್ಲಿಯೇ ಬಿಟ್ಟು ಪುಟ್ಟಸ್ವಾಮಿ ಮೇಸ್ತ್ರಿಗಳ ಹತ್ತಿರ ತಂತಿ ಸುತ್ತಲು ಕುಳಿತೆ.

ಈಚೆಗೆ ಮೋಟಾರಿನ ಜೊತೆ ಒಂದು ಡಬ್ಬಿಯೂ ಬರತೊಡಗಿದೆ. ಕರೆಂಟ್ ಬಂದಾಗ ತಾನೇ ಮೋಟಾರು ಹಾಕುವ, ನೀರು ಮುಗಿದಾಗ ತಾನೇ ಆರಿಸುವ ಡಬ್ಬಿ. ಬಿಚ್ಚಿದರೆ ಒಳಗೆ ಹುಣಸೆಬೀಜದಷ್ಟು ಕಪ್ಪಗಿನ ಚಿಪ್ ಇರುತ್ತದೆ. ನಾನು ಅದನ್ನು ನೋಡಿದ ತಕ್ಷಣ ಮುಚ್ಚಳ ಹಾಕಿ "ಇದು ನಮ್ಮತ್ರ ಆಗಲ್ಲ, ತುಮಕೂರಿಗೆ ತಗೊಂಡೋಗಿ" ಎನ್ನುತ್ತಿದ್ದೆ. ಒಮ್ಮೆ ಕೊತ್ತಗೆರೆಯ ರೈತರೊಬ್ಬರು ಡಬ್ಬಿಯನ್ನು ವಾಪಸ್ ತೆಗೆದುಕೊಳ್ಳದೆ ನನ್ನ ಮುಖ ನೋಡಿದರು.

"ಅಲ್ಲ ನಾಗಣ್ಣ, ಆನೆಯಂಗಿರೋ ಮೋಟ್ರು ಬಿಚ್ಚಿ ಕಟ್ತೀಯ. ಈ ಬೀಜದಷ್ಟದ್ದಕ್ಕೆ ಹೆದರ್ತೀಯಲ್ಲ."

ಹೆದರುತ್ತಿದ್ದದ್ದು ನಿಜ. ಕಾರಣ ಅವರಿಗೆ ಹೇಳುವಂಥದ್ದಾಗಿರಲಿಲ್ಲ. ಅವರು ಹೋದ ಮೇಲೆ ತಂತಿಯ ಉಂಡೆಗಳಿಡುವ ಹಲಗೆಯ ಮೂಲೆಯಿಂದ ಕಂದು ರಟ್ಟಿನ ಒಂದು ಪುಸ್ತಕ ತೆಗೆದು ಧೂಳು ಹೊಡೆದೆ. ನನ್ನ ತಂಗಿ ಸವಿತಾ ಡಿಪ್ಲೊಮಾ ಓದುತ್ತಿದ್ದಾಗ ಬರೆದ ರೆಕಾರ್ಡ್ ಬುಕ್ಕು ಅದು. ಸಿ ಎನ್ನುವ ಭಾಷೆಯಲ್ಲಿ ಇಂಥ ಚಿಪ್‌ಗೆ ಕೆಲಸ ಹೇಳುವುದು ಹೇಗೆ ಎಂದು ಮುತ್ತು ಪೋಣಿಸಿದ ಹಾಗೆ ಬರೆದಿದ್ದಾಳೆ. ಅದೊಂದು ಪುಸ್ತಕ, ಫೋನಿನಲ್ಲಿ ಕನ್ನಡದಲ್ಲಿ ಪಾಠ ಹೇಳುವ ವಿಡಿಯೋಗಳು, ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು, ಎಂಟು ಸಣ್ಣ ದೀಪಗಳಿರುವ ಅಂಗೈಯಗಲದ ಬೋರ್ಡು. ಇಷ್ಟು ಕಟ್ಟಿಕೊಂಡು ನಲವತ್ತನೇ ವಯಸ್ಸಿನಲ್ಲಿ ವಿದ್ಯಾರ್ಥಿಯಾದೆ.

ಇಂಗ್ಲಿಷಿನ ಭಯ ಮೊದಲ ವಾರದಲ್ಲೇ ಹೋಯಿತು. ಆ ಇಡೀ ಭಾಷೆಗೆ ಇರುವುದು ಮೂವತ್ತು ಚಿಲ್ಲರೆ ಪದಗಳು. ನಮ್ಮ ಬೇರಿಂಗ್ ಅಂಗಡಿಯವರ ಬಿಲ್ಲಿನಲ್ಲಿ ಇದಕ್ಕಿಂತ ಹೆಚ್ಚು ಇಂಗ್ಲಿಷ್ ಇರುತ್ತದೆ. ತೊಂದರೆ ಕೊಟ್ಟದ್ದು ಚಿಹ್ನೆಗಳು. ಕೂಡುವುದು ಕಳೆಯುವುದು ಪರವಾಗಿಲ್ಲ. ಏಳನ್ನು ಎರಡರಿಂದ ಭಾಗಿಸು ಎಂದರೆ ಅದು ಮೂರು ಎಂದಿತು. ಮೂರೂವರೆ ಅಲ್ಲವೇ ಎಂದು ಮತ್ತೆ ಕೇಳಿದೆ. ಮೂರೇ ಎಂದಿತು. ಪೂರ್ಣ ಸಂಖ್ಯೆ ಕೊಟ್ಟರೆ ಅದು ಪೂರ್ಣ ಸಂಖ್ಯೆಯನ್ನೇ ಕೊಡುತ್ತದಂತೆ, ಅರ್ಧವನ್ನು ಬಿಸಾಡುತ್ತದಂತೆ. ಉಳಿದದ್ದೆಷ್ಟು ಎಂದು ತಿಳಿಯಬೇಕಾದರೆ ಶೇಕಡಾ ಚಿಹ್ನೆ ಹಾಕಿ ಬೇರೆಯಾಗಿ ಕೇಳಬೇಕು. ಅಂಗಡಿಗಳಲ್ಲಿ ರಿಯಾಯಿತಿಯ ಬೋರ್ಡಿನ ಮೇಲೆ ನೋಡಿದ ಆ ಚಿಹ್ನೆಗೆ ಇಂಥ ಕೆಲಸವೂ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಆದರೆ ಆ ಲೆಕ್ಕ ನಮ್ಮಮ್ಮನಿಗೆ ಗೊತ್ತಿತ್ತು. ಹಬ್ಬದಲ್ಲಿ ಏಳು ಒಬ್ಬಟ್ಟನ್ನು ನಮ್ಮಿಬ್ಬರಿಗೆ ಹಂಚಬೇಕಾದರೆ ಅಮ್ಮ ಮುರಿಯುತ್ತಿರಲಿಲ್ಲ. ಮೂರು ನನಗೆ, ಮೂರು ಸವಿತಾಗೆ. ಉಳಿದ ಒಂದು ತಟ್ಟೆಯ ನಡುವೆ ಕೂತಿರುತ್ತಿತ್ತು. ಅದನ್ನು ನಾನು "ನೀನೇ ತಿನ್ನು" ಎಂದು ತಂಗಿಯ ಕಡೆ ತಳ್ಳುತ್ತಿದ್ದೆ. ಒಳ್ಳೆಯತನ ಎಂದುಕೊಳ್ಳಬೇಡಿ. ಹಾಗೆ ತಳ್ಳಿದಾಗ ಅಮ್ಮ ನನ್ನನ್ನು ಒಂದು ಥರ ನೋಡುತ್ತಿದ್ದಳು. ಆ ನೋಟ ನನಗೆ ಒಬ್ಬಟ್ಟಿಗಿಂತ ರುಚಿಯಾಗಿತ್ತು. ತಂಗಿಗೆ ಒಳ್ಳೆಯದು ಮಾಡಿ ಹೊಗಳಿಸಿಕೊಳ್ಳುವ ಈ ಚಟದಿಂದಲೇ ಮುಂದೆ ಎಡವಟ್ಟಾಯಿತು.

ಚಿಪ್‌ನ ಒಳಗಿನ ಪಾಠ ಮಾತ್ರ ನನಗೆ ಸಲೀಸಾಗಿ ಹತ್ತಿತು. ಅಲ್ಲಿ ಎಂಟು ಮನೆಗಳ ಒಂದು ಸಾಲಿದೆ. ಪ್ರತಿ ಮನೆಯಲ್ಲೂ ಒಂದು ಅಥವಾ ಸೊನ್ನೆ, ಎಂದರೆ ದೀಪ ಹತ್ತಿದೆ ಅಥವಾ ಆರಿದೆ. ಎರಡೂ ಇದ್ದರೆ ಮಾತ್ರ ದೀಪ ಹತ್ತಲಿ ಎನ್ನಲು ಒಂದು ಚಿಹ್ನೆ, ಯಾವುದಾದರೊಂದು ಇದ್ದರೂ ಹತ್ತಲಿ ಎನ್ನಲು ಇನ್ನೊಂದು. ಒಂದೇ ಸಾಲಿನಲ್ಲಿ ಎರಡು ಸ್ವಿಚ್ ಹಾಕುವುದು, ಅಕ್ಕಪಕ್ಕ ಹಾಕುವುದು, ಅಷ್ಟೇ ತಾನೆ. ಮೂರನೆಯದೊಂದಿದೆ, ಎರಡೂ ಬೇರೆ ಬೇರೆಯಾಗಿದ್ದರೆ ಮಾತ್ರ ಹತ್ತುವುದು. ವಿಡಿಯೋದ ಮೇಷ್ಟ್ರು "ಇದು ಸ್ವಲ್ಪ ಕಷ್ಟ, ಎರಡು ಸಲ ನೋಡಿ" ಎಂದರು. ಮೆಟ್ಟಿಲ ದೀಪಕ್ಕೆ ಕೆಳಗೊಂದು ಮೇಲೊಂದು ಸ್ವಿಚ್ ಹಾಕಿ ಎಷ್ಟು ಮನೆಗಳಿಗೆ ವೈರಿಂಗ್ ಮಾಡಿಲ್ಲ ನಾನು. ಅದೇ ಇದು. ಇಪ್ಪತ್ತು ವರ್ಷ ಮಾಡಿದ ಕೆಲಸಕ್ಕೆ ಅವತ್ತು ಹೆಸರು ಗೊತ್ತಾಯಿತು.

ಇನ್ನು ಸೊನ್ನೆಯ ವಿಷಯ. ನಮ್ಮ ಕಸುಬಿನಲ್ಲಿ ಸೊನ್ನೆ ಎಂದರೆ ಇನ್ನೂ ಏನೂ ಆಗಿಲ್ಲ ಎಂದರ್ಥ. ತಂತಿ ಸುತ್ತುವ ಮೆಷಿನ್ನಿಗೆ ಎಣಿಸುವ ಒಂದು ಮೀಟರ್ ಇರುತ್ತದೆ. ಅದನ್ನು ಸೊನ್ನೆಗೆ ತಿರುಗಿಸಿಟ್ಟು ಶುರು ಮಾಡುತ್ತೇವೆ. ಒಂದು ಸುತ್ತು ಪೂರ್ತಿಯಾದರೆ ಒಂದು ತೋರಿಸುತ್ತದೆ. ಪುಟ್ಟಸ್ವಾಮಿ ಮೇಸ್ತ್ರಿಗಳು ಮೊದಲ ದಿನ ಹೇಳಿಕೊಟ್ಟದ್ದು ಇದು:

"ನೋಡ್ಲಾ ನಾಗ, ಸುತ್ತು ಕಮ್ಮಿ ಆದ್ರೆ ಮೋಟ್ರು ಬಿಸಿಯಾಗಿ ಸುಟ್ಟೋಗುತ್ತೆ. ಅನುಮಾನ ಬಂದ್ರೆ ಒಂದು ಸುತ್ತು ಜಾಸ್ತಿ ಹಾಕು. ಜಾಸ್ತಿ ಹಾಕಿದ್ದಕ್ಕೆ ಯಾವ ಮೋಟ್ರೂ ಸತ್ತಿಲ್ಲ."

ನಾನು ಹಾಕುತ್ತ ಬಂದೆ. ನನ್ನ ಕೈಯಲ್ಲಿ ಸುತ್ತಿಸಿಕೊಂಡ ಮೋಟಾರುಗಳೆಲ್ಲ ಒಂದು ಸುತ್ತು ಜಾಸ್ತಿಯೇ ತೊಟ್ಟುಕೊಂಡು ಬಾವಿಗೆ ಇಳಿದಿವೆ.

ಸವಿತಾ ಆಗ ದಿನಾ ಬಸ್ಸಿನಲ್ಲಿ ತುಮಕೂರಿಗೆ ಹೋಗಿ ಡಿಪ್ಲೊಮಾ ಓದುತ್ತಿದ್ದಳು. ಮುಗಿಸಿ ಇಂಜಿನಿಯರಿಂಗ್ ಸೇರುವ ಆಸೆ ಅವಳಿಗೆ. ನನಗೆ ಅವಳಿಗಿಂತ ಹೆಚ್ಚು. ಅಂಗಡಿಗೆ ಬಂದವರು ಕೇಳದಿದ್ದರೂ "ನಮ್ ತಂಗಿ ಎಲೆಕ್ಟ್ರಾನಿಕ್ಸ್ ಮಾಡ್ತಾವ್ಳೆ" ಎನ್ನುತ್ತಿದ್ದೆ. ಒಂದು ಹಳೆಯ ಕಂಪ್ಯೂಟರನ್ನೂ ಮನೆಗೆ ತಂದು ಕೂರಿಸಿದ್ದೆ. ಅಂಗಡಿಯ ಕೊಟೇಶನ್ನುಗಳನ್ನು ಅದರಲ್ಲಿ ಒಂದು ಬೆರಳಿನಿಂದ ಟೈಪು ಮಾಡುತ್ತಿದ್ದೆ. ನಾನೇ ತಂದದ್ದು, ಮುಟ್ಟುವ ಹಕ್ಕು ನನಗಿದೆ ಎಂದುಕೊಂಡಿದ್ದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಎಂಟು ದೀಪಗಳು ಒಂದಾದ ಮೇಲೊಂದು ಹತ್ತಿ ಓಡುವ ಬೋರ್ಡು ಮಾಡಿದ್ದಳು. ಬೋರ್ಡು ಕಾಲೇಜಿನಲ್ಲಿತ್ತು, ಬರೆಯುವ ಕೆಲಸ ಮನೆಯಲ್ಲಿ. ಪರೀಕ್ಷೆಯ ಹಿಂದಿನ ಸಂಜೆ ದೀಪಗಳ ವೇಗ ಸ್ವಲ್ಪ ಬದಲಿಸುತ್ತ, ಪಕ್ಕದಲ್ಲಿ ಕೂತಿದ್ದ ನನಗೆ ತೋರಿಸಿದಳು. "ನೋಡಣ್ಣ, ಇಲ್ಲಿ ಐ ಅನ್ನೋದು ಎಣಿಸ್ತಾ ಹೋಗುತ್ತೆ. ಅದು ಎಣಿಸ್ದಂಗೆಲ್ಲಾ ಒಂದೊಂದೇ ದೀಪ ಹತ್ತುತ್ತೆ."

ಬೆಳಿಗ್ಗೆ ಅವಳು ತಲೆಗೆ ಸ್ನಾನ ಮಾಡಲು ಹೋಗಿದ್ದಳು. ಪರದೆಯ ಮೇಲೆ ಪ್ರೋಗ್ರಾಮು ತೆರೆದೇ ಇತ್ತು. ಐ ಸೊನ್ನೆಯಿಂದ ಶುರು, ಎಂಟಕ್ಕಿಂತ ಕಡಿಮೆ ಇರುವವರೆಗೆ ಎಂದು ಬರೆದಿದ್ದಳು. ಆ ಬಾಣದ ಗುರುತು ನನಗೆ ಸ್ಕೂಲಿನಿಂದ ಗೊತ್ತಿತ್ತು. ಎಂಟಕ್ಕಿಂತ ಕಡಿಮೆ ಎಂದರೆ ಏಳು. ಸೊನ್ನೆ ಎಂದರೆ ಇನ್ನೂ ಶುರುವಾಗಿಲ್ಲ. ಎಂಟು ದೀಪಕ್ಕೆ ಏಳೇ ಸುತ್ತು ಹಾಕಿದ್ದಾಳಲ್ಲ ಹುಡುಗಿ ಎಂದುಕೊಂಡೆ. ಚಿಹ್ನೆಗಳ ಪಟ್ಟಿ ಪಕ್ಕದ ಪುಸ್ತಕದಲ್ಲೇ ಇತ್ತು. ಬಾಣದ ಮುಂದೆ ಸಮ ಚಿಹ್ನೆ ಸೇರಿಸಿದರೆ ಎಂಟೂ ಒಳಗೆ ಬರುತ್ತದೆ. ಸೇರಿಸಿದೆ. ಸೇವ್ ಮಾಡಿದೆ.

ಹೇಳಬೇಕೆಂದುಕೊಂಡೆ. ಅವಳು ಒದ್ದೆ ತಲೆಯಲ್ಲೇ ಹೊರಗೆ ಬಂದು, ಗೆಳತಿಯ ಪೆನ್‌ಡ್ರೈವಿಗೆ ಪ್ರೋಗ್ರಾಮನ್ನು ಹಾಕಿಕೊಂಡು, ಬಸ್ಸಿಗೆ ಓಡಿದಳು. ಸಂಜೆ ಮಾರ್ಕ್ಸ್ ತಂದ ಮೇಲೆ ಹೇಳಿದರೆ ಇನ್ನೂ ಚೆನ್ನ ಎಂದು ನನಗೆ ಅನ್ನಿಸಿತು. ಒಂಬತ್ತನೇ ಕ್ಲಾಸಿನವನು ಡಿಪ್ಲೊಮಾದವಳ ತಪ್ಪು ಹಿಡಿದ ಕಥೆಯನ್ನು ಅಮ್ಮನ ಮುಂದೆ ಹೇಗೆ ಹೇಳಬೇಕು ಎಂದು ಇಡೀ ದಿನ ತಂತಿ ಸುತ್ತುತ್ತ ಪಾಠ ಮಾಡಿಕೊಂಡೆ.

ಸಂಜೆ ಅವಳು ಹೆಗಲಿನ ಚೀಲ ಇಳಿಸದೆ ಬಾಗಿಲಲ್ಲಿ ನಿಂತು ಹೇಳಿದಳು. ಚಿಪ್‌ಗೆ ತುಂಬಿಸುವಷ್ಟರಲ್ಲಿ ಅವಳ ಹೆಸರು ಕೂಗಿದರಂತೆ, ಪರೀಕ್ಷಿಸಿ ನೋಡಲು ಸಮಯವಿರಲಿಲ್ಲವಂತೆ. ಎಂಟು ದೀಪ ಸರಿಯಾಗಿ ಓಡಿದವಂತೆ. ಆಮೇಲೆ ಒಂದು ಗಳಿಗೆ ಎಲ್ಲ ಆರಿ ಕತ್ತಲಾಗಿ, ಮತ್ತೆ ಮೊದಲಿಂದ ಶುರುವಾಯಿತಂತೆ. ಪ್ರತಿ ಸುತ್ತಿಗೂ ಹಾಗೇ. ಪರೀಕ್ಷಕರು ಯಾಕಮ್ಮ ಆರುತ್ತೆ ಎಂದರು. ಆರಬಾರದು ಸಾರ್ ಎಂದು ಇವಳು ರೆಕಾರ್ಡ್ ತೋರಿಸಿದಳು. "ನೀನೇ ಬರೆದಿದ್ರೆ ಯಾಕೆ ಆರುತ್ತೆ ಅಂತ ನಿನಗೆ ಗೊತ್ತಿರಬೇಕಲ್ಲಮ್ಮ" ಎಂದು ಅವರು ರೆಕಾರ್ಡ್ ಮುಚ್ಚಿ ಕೊಟ್ಟರು. ಪ್ರಾಜೆಕ್ಟಿನಲ್ಲಿ ಫೇಲು.

"ಎಲ್ಲಿ ತಪ್ಪು ಮಾಡಿದೀನಿ ಅಂತ ಈಗ್ಲೇ ನೋಡ್ಬೇಕು" ಎಂದು ಕಂಪ್ಯೂಟರಿನ ಕಡೆ ಹೊರಟವಳನ್ನು ಅಮ್ಮ ತಡೆದು, ಮೊದಲು ಮುಖ ತೊಳೆದು ಏನಾದರೂ ತಿನ್ನು ಎಂದು ಒಳಗೆ ಕರೆದುಕೊಂಡು ಹೋದಳು. ನನಗೆ ಸಿಕ್ಕಿದ್ದು ಆ ಐದು ನಿಮಿಷ. ಕಂಪ್ಯೂಟರ್ ಹಾಕಿ, ನಾನು ಸೇರಿಸಿದ್ದ ಚಿಹ್ನೆಯನ್ನು ಅಳಿಸಿ, ಸೇವ್ ಮಾಡಿ, ಏನೂ ಗೊತ್ತಿಲ್ಲದವನ ಹಾಗೆ ಜಗಲಿಗೆ ಬಂದು ಕುಳಿತೆ.

ಸವಿತಾ ಬಂದು ಓದಿದಳು. ಮತ್ತೆ ಓದಿದಳು. ರೆಕಾರ್ಡಿನ ಜೊತೆ ಒಂದೊಂದೇ ಸಾಲಿಗೆ ಬೆರಳಿಟ್ಟು ಹೋಲಿಸಿದಳು. "ಅಣ್ಣ, ಎಲ್ಲ ಸರಿಯಾಗೇ ಇದೆಯಲ್ಲ. ಮತ್ತೆ ಯಾಕೆ ಆರ್ತು?"

"ಹೋಗ್ಲಿ ಬುಡು. ಮಿಷನ್ನು ಒಂದೊಂದ್ಸಲ ಹಂಗೇ" ಎಂದೆ ನಾನು.

ಗೆಳತಿ ಪೆನ್‌ಡ್ರೈವಿನಲ್ಲಿದ್ದುದನ್ನು ಆಗಲೇ ಅಳಿಸಿದ್ದಳು. ನೋಡಲು ಬೇರೆಲ್ಲೂ ಉಳಿದಿರಲಿಲ್ಲ. ಮುಂದಿನ ಸಲ ಸವಿತಾ ಬೇರೆ ಏನೋ ಸುಲಭದ್ದು ಮಾಡಿ ಪಾಸಾದಳು. ಇಂಜಿನಿಯರಿಂಗ್ ಅರ್ಜಿ ತಂದುಕೊಟ್ಟರೆ ಮುಟ್ಟಲಿಲ್ಲ. "ಸರಿ ಇರೋದು ಯಾಕೆ ತಪ್ಪಾಯ್ತು ಅಂತಾನೇ ತಿಳೀದೋಳು ಮುಂದೆ ಏನು ಓದ್ಲಿ ಅಣ್ಣ. ನಂಗದು ತಲೆಗೆ ಹತ್ತಲ್ಲ."

ಆಮೇಲೆ ಮದುವೆಯಾಗಿ ಗುಬ್ಬಿಗೆ ಹೋದಳು. ಭಾವ ಸ್ಕೂಲ್ ಮೇಷ್ಟ್ರು, ಒಳ್ಳೆಯ ಮನುಷ್ಯ. ಅವಳು ತಾಲ್ಲೂಕು ಕಚೇರಿಯ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ, ಆನ್‌ಲೈನ್ ಅರ್ಜಿ ತುಂಬಿಸುತ್ತಾಳೆ, ಪಹಣಿ ತೆಗೆದುಕೊಡುತ್ತಾಳೆ. ಚೆನ್ನಾಗಿಯೇ ಇದ್ದಾಳೆ. ಅವಳ ಕಂಪ್ಯೂಟರ್ ಸ್ವಲ್ಪ ಮೊಂಡು ಹಿಡಿದರೂ ಕೈ ಹಿಂದೆ ಕಟ್ಟಿಕೊಂಡು "ಯಾರಾದ್ರೂ ಗೊತ್ತಿರೋರು ನೋಡ್ಲಿ, ನಾನು ಮುಟ್ಟಿದ್ರೆ ಕೆಡುತ್ತೆ" ಎನ್ನುತ್ತಾಳೆ. ಮನೆಯವರೆಲ್ಲ ನಗುತ್ತಾರೆ. ನಾನೂ ನಗುತ್ತಿದ್ದೆ, ಕಾಫಿ ಲೋಟದಿಂದ ಮುಖ ಎತ್ತದೆ.

ಇಷ್ಟು ವರ್ಷ ನನ್ನನ್ನು ಕಾಪಾಡಿದ್ದು ಮೇಸ್ತ್ರಿಗಳ ಮಾತು. ಜಾಸ್ತಿ ಹಾಕಿದ್ದಕ್ಕೆ ಏನೂ ಕೆಡುವುದಿಲ್ಲ. ಹಾಗಾದರೆ ಆ ದೀಪ ಆರಿದ್ದು ನನ್ನಿಂದಲ್ಲ, ಬೇರೆ ಏನೋ ಇದ್ದಿರಬೇಕು. ಚಿಪ್ ಇರುವ ಡಬ್ಬಿಗಳನ್ನು ತುಮಕೂರಿಗೆ ಕಳಿಸಿಬಿಡುತ್ತಿದ್ದದ್ದು ಇದಕ್ಕೇ. ಒಳಗೆ ನೋಡಿದರೆ ಎಲ್ಲಿ ನಿಜ ಗೊತ್ತಾಗುತ್ತದೋ ಎಂದು.

ಹೋದ ತಿಂಗಳು ಗೊತ್ತಾಯಿತು. ಅವಳ ರೆಕಾರ್ಡ್ ನೋಡಿ ಅದೇ ಓಡುವ ದೀಪದ ಪ್ರೋಗ್ರಾಮನ್ನು ನನ್ನ ಬೋರ್ಡಿಗೆ ತುಂಬಿಸಿದೆ. ಎಂಟೂ ದೀಪ ನಿಲ್ಲದೆ ಓಡಿದವು. ಸೊನ್ನೆಯೂ ಒಂದು ಸುತ್ತು, ಮೊದಲನೆಯ ದೀಪವೇ ಸೊನ್ನೆ. ಅವಳು ಎಂಟಕ್ಕೆ ಎಂಟೇ ಹಾಕಿದ್ದಳು. ಆಮೇಲೆ, ಬೇಡ ಬೇಡ ಎನ್ನುತ್ತಲೇ, ನನ್ನ ಆ ಚಿಹ್ನೆಯನ್ನು ಸೇರಿಸಿ ತುಂಬಿಸಿದೆ. ಒಂದು ಎಂಬ ಅಂಕಿಯನ್ನು ಒಂದೊಂದೇ ಮನೆ ಮುಂದಕ್ಕೆ ತಳ್ಳುತ್ತ ಹೋಗುವುದು ಆ ಪ್ರೋಗ್ರಾಮಿನ ಕೆಲಸ. ಎಂಟನೆಯ ಮನೆಯಿಂದ ಇನ್ನೂ ಒಂದು ಸಲ ತಳ್ಳು ಎಂದರೆ ಅದು ಸಾಲಿನಿಂದ ಆಚೆ ಬಿದ್ದುಹೋಗುತ್ತದೆ. ಎಂಟು ಮನೆಯಲ್ಲೂ ಸೊನ್ನೆ. ನನ್ನ ಕಣ್ಣೆದುರಿಗೇ ಎಲ್ಲ ದೀಪ ಆರಿ, ಒಂದು ಗಳಿಗೆ ಕತ್ತಲಾಗಿ, ಮತ್ತೆ ಶುರುವಾಯಿತು.

ಆ ಕತ್ತಲೆಯನ್ನು ನಾನು ಮೊದಲ ಸಲ ನೋಡಿದ್ದು. ಸವಿತಾ ಅದನ್ನು ನೋಡಿ ಹದಿನೈದು ವರ್ಷವಾಗಿತ್ತು.

ಕುಣಿಗಲ್ಲಿನಿಂದ ಗುಬ್ಬಿಗೆ ತುಮಕೂರಿನಲ್ಲಿ ಬಸ್ಸು ಬದಲಿಸಬೇಕು. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ವಾಪಸ್ ಹೋಗುವ ಕುಣಿಗಲ್ ಬಸ್ಸು ಪಕ್ಕದಲ್ಲೇ ನಿಂತು ಕೂಗುತ್ತಿತ್ತು. ಹತ್ತಿಬಿಡುವವನಿದ್ದೆ. ಗುಬ್ಬಿ ಬಸ್ಸಿನ ಕಂಡಕ್ಟರು "ಬರೋದಾದ್ರೆ ಬನ್ನಿ ಯಜಮಾನ್ರೇ, ಬಾಗ್ಲಲ್ಲಿ ನಿಂತು ಯೋಚ್ನೆ ಮಾಡ್ಬೇಡಿ" ಎಂದು ಗದರಿದ್ದರಿಂದ ಹತ್ತಿದೆ. ಅವರಿಗೆ ನಾನು ಋಣಿ.

ಅಂಗಡಿಯಲ್ಲಿ ಒಬ್ಬ ಮುದುಕರು ಪಹಣಿಗೆ ಕಾದು ಕುಳಿತಿದ್ದರು. ಸವಿತಾ ನನ್ನನ್ನು ನೋಡಿ "ಏನಣ್ಣ, ಫೋನೂ ಮಾಡ್ದೆ ಬಂದ್ಬಿಟ್ಟೆ. ಅತ್ಗೆ ಚೆನ್ನಾಗವ್ರಾ? ಅನ್ನ ಈಗ್ಲಾದ್ರೂ ಸರಿಯಾಗ್ತಿದ್ಯಾ?" ಎಂದಳು. ಸುದ್ದಿ ಗುಬ್ಬಿಯವರೆಗೂ ಮುಟ್ಟಿತ್ತು. ನಾನು ಲ್ಯಾಪ್‌ಟಾಪು ಬಿಚ್ಚಿ, ಬೋರ್ಡಿಗೆ ವೈರ್ ಸಿಕ್ಕಿಸಿ ಜೆರಾಕ್ಸ್ ಮೆಷಿನ್ನಿನ ಮೇಲಿಟ್ಟೆ. ದೀಪಗಳು ಓಡಿದವು. ಆರಿದವು. ಓಡಿದವು. ಆರಿದವು.

ಅವಳ ಕೈಯಲ್ಲಿದ್ದ ಪೇಪರ್ ಕಟ್ಟು ಹಾಗೇ ನಿಂತಿತು.

"ಇದು ನಂದು," ಎಂದಳು.

"ನಿಂದು ಆರ್ತಿರ್ಲಿಲ್ಲ ಸವಿ. ಆರಿಸಿದ್ದು ನಾನು."

ಹೇಳಿದೆ. ಬೆಳಿಗ್ಗೆ ಸೇರಿಸಿದ್ದನ್ನೂ ಹೇಳಿದೆ, ಸಂಜೆ ಅಳಿಸಿದ್ದನ್ನೂ ಹೇಳಿದೆ. ಅವಳು ಕೇಳುತ್ತಲೇ ಮುದುಕರ ಪಹಣಿಯನ್ನು ಪ್ರಿಂಟ್ ತೆಗೆದಳು, ಪಿನ್ ಹೊಡೆದಳು, ಕೊಟ್ಟಳು. ಅವರು "ಇನ್ನೊಂದು ಕಾಪಿ ಬೇಕಿತ್ತವ್ವ" ಎಂದರು. ಇನ್ನೊಂದು ತೆಗೆಯಲು ತಿರುಗಿದಳು. ನಾನು ಅಷ್ಟು ಹೊತ್ತೂ ಬೆನ್ನು ನೋಡುತ್ತ ನಿಂತಿದ್ದೆ. ಇಷ್ಟು ನಿಧಾನವಾದ ಜೆರಾಕ್ಸ್ ಮೆಷಿನ್ನನ್ನು ನಾನು ಎಲ್ಲೂ ನೋಡಿಲ್ಲ.

"ಹಂಗಾದ್ರೆ ನಂದು ಸರಿ ಇತ್ತಾ?" ತಿರುಗದೆಯೇ ಕೇಳಿದಳು.

"ಸರಿ ಇತ್ತು."

"ಪೂರ್ತಿ?"

"ಪೂರ್ತಿ ಸರಿ ಇತ್ತು ಕಣೇ. ಒಂದು ಚುಕ್ಕೆ ತಪ್ಪಿರ್ಲಿಲ್ಲ."

ಆಗ ತಿರುಗಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಮಾತ್ರ ತುಂಬ ದೂರ ಹೊತ್ತ ಬಿಂದಿಗೆಯನ್ನು ಕಟ್ಟೆಯ ಮೇಲೆ ಇಳಿಸಿದವಳ ಮುಖದ ಹಾಗಿತ್ತು. ಇಳಿಸಿ ಮುಗಿದ ಮೇಲೆ ಬೈಗುಳವೂ ಬಂತು.

"ಸೇರಿಸಿದ್ದಕ್ಕೆ ನಂಗೆ ಕೋಪ ಇಲ್ಲ. ನೀನು ಮುಟ್ಟಾಳ, ಅದು ಗೊತ್ತಿರೋದೇ. ಆದ್ರೆ ಹಿಂದಿನಿಂದ ಹೋಗಿ ಸರಿ ಮಾಡಿಟ್ಟೆಯಲ್ಲ, ಅದು ತಪ್ಪು ಕಣಣ್ಣ. ಆ ತಪ್ಪು ಅಲ್ಲೇ ಇದ್ದಿದ್ರೆ ಎರಡು ನಿಮಿಷದಲ್ಲಿ ಹುಡುಕ್ತಿದ್ದೆ ನಾನು. ಇಲ್ಲದೇ ಇರೋದನ್ನ ಎಷ್ಟು ದಿನ ಹುಡುಕ್ಲಿ?"

ಅವಳು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ಪ್ರೋಗ್ರಾಮಿನ ಮೇಲೆ ಕಣ್ಣಾಡಿಸಿದಳು. ಎರಡು ನಿಮಿಷ ಕೂಡ ಬೇಕಾಗಲಿಲ್ಲ. ಆ ಸಾಲಿನ ಮೇಲೆ ಉಗುರು ಇಟ್ಟು, ಲ್ಯಾಪ್‌ಟಾಪನ್ನು ಮತ್ತೆ ನನ್ನ ಕಡೆ ನೂಕಿದಳು.

"ಅಳ್ಸು. ಈ ಸಲ ನನ್ನ ಮುಂದೆ ಅಳ್ಸು."

ಅಳಿಸಿದೆ. ಆತುರದಲ್ಲಿ ಎರಡು ಅಕ್ಷರ ಹೆಚ್ಚಿಗೆ ಹೋಯಿತು. "ಎಂಟನ್ನೂ ತಿಂದ್ಬಿಟ್ಟೆ ನೋಡು" ಎಂದು ಅವಳೇ ಕೈ ಹಾಕಿ ಎಂಟನ್ನು ವಾಪಸ್ ಬರೆದಳು, ಬೋರ್ಡಿಗೆ ತುಂಬಿಸಲು ಯಾವುದನ್ನು ಒತ್ತಬೇಕೆಂದು ಕೇಳಿ ಒತ್ತಿದಳು. "ನಾನು ಮುಟ್ಟಿದ್ರೆ ಕೆಡುತ್ತೆ" ಎನ್ನಲಿಲ್ಲ. ದೀಪಗಳು ಓಡಿದವು. ಅವಳು ಬಾಯಲ್ಲೇ ಎಣಿಸಿದಳು, ಸೊನ್ನೆಯಿಂದ ಏಳರವರೆಗೆ. ಏಳರ ಬೆನ್ನಿಗೇ ಸೊನ್ನೆ ಬಂತು. ನಡುವೆ ಎಲ್ಲೂ ಕತ್ತಲಿರಲಿಲ್ಲ.

ಎರಡು ಕಾಪಿಯನ್ನೂ ಮಡಿಸಿಕೊಂಡು ಹೊರಡದೆ ನಿಂತಿದ್ದ ಮುದುಕರು ಬಗ್ಗಿ ನೋಡಿದರು. "ಚೆನ್ನಾಗದೆ. ಇದ್ಯಾರವ್ವ ಮಾಡಿದ್ದು?"

"ನಾನು. ಡಿಪ್ಲೊಮಾ ಓದುವಾಗ."

"ಅದನ್ನ ಈಗ ಹತ್ತುಸ್ತಿದೀಯಾ?"

"ಹೂಂ," ಎಂದಳು ಸವಿತಾ, ದೀಪಗಳ ಮೇಲಿಂದ ಕಣ್ಣು ತೆಗೆಯದೆ. "ನಮ್ಮಣ್ಣ ತಂದ್ಕೊಡೋದು ಸ್ವಲ್ಪ ಲೇಟಾಯ್ತು."